ಯಾಂಗ್ಜೋಮ್ ಕಟ್ಟಿದ ಕೆಂಪು ದಾರ

ಸುಯಶ್ ಪುನ್ ಹಿಮಾಲಯದ ಕಾಗ್ಬೇನಿ ಊರಿಗೆ ಬಂದು ನಾಲ್ಕು ದಿನವಾಗಿತ್ತು. ಜೀಪಿನ ಟಿಕೆಟ್ ಹರಿದುಕೊಡುವ ಕೆಲಸ. ಕೌಂಟರಿನ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಕಾಳಿಗಂಡಕಿ ನದಿಯ ಅಗಲವಾದ ಪಾತ್ರ, ನೀರಿಗಿಂತ ಕಲ್ಲೇ ಜಾಸ್ತಿ. ಆ ಕಲ್ಲುಗಳ ನಡುವೆ ಅರವತ್ತು ದಾಟಿದ ಹೆಂಗಸೊಬ್ಬಳು ಸೊಂಟ ಬಗ್ಗಿಸಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ಮೊದಲನೆಯ ದಿನವೂ ಓಡಾಡಿದಳು, ಎರಡನೆಯ ದಿನವೂ. ನಾಲ್ಕನೆಯ ಬೆಳಿಗ್ಗೆ ಸುಯಶ್‌ಗೆ ತಡೆಯಲಾಗಲಿಲ್ಲ. ಪಾಪ, ಏನೋ ಕಳಕೊಂಡಿದ್ದಾಳೆ. ಊರಿಗೆ ಹೊಸಬನಾದ ತಾನಲ್ಲದೆ ಇನ್ಯಾರು ಸಹಾಯ ಮಾಡಬೇಕು? ಪೊಖರಾದ ಶಾಲೆಯಲ್ಲಿ ಪರೋಪಕಾರದ ಮೇಲೆ ಪ್ರಬಂಧ ಬರೆದು ಸ್ಟೀಲ್ ಲೋಟ ಗೆದ್ದವನು ಅವನು. ಇಸ್ತ್ರಿ ಅಂಗಿಯಲ್ಲೇ ನದಿಗಿಳಿದ.

"ಏನು ಕಳೆದುಹೋಯ್ತು, ಆಮಾ?"

ಅವಳು ಅವನ ಅಂಗಿ ನೋಡಿದಳು, ಬೂಟು ನೋಡಿದಳು.

"ಹಲ್ಲು. ಚಿನ್ನದ್ದು."

"ಅಯ್ಯೋ! ಎಲ್ಲಿ ಬಿತ್ತು?"

"ಎಲ್ಲಿ ಅಂತ ಗೊತ್ತಿದ್ರೆ ಹೀಗೆ ಹುಡುಕ್ತಿದ್ನಾ? ಸೀನಿದೆ, ಹಾರಿಹೋಯ್ತು. ಯಾವುದೋ ಕರೀ ಗುಂಡುಕಲ್ಲಿನ ಕೆಳಗೇ ಹೊಕ್ಕಿರ್ಬೇಕು. ಕರೀದು ಕಂಡ್ರೆ ಎತ್ತಿ ಪಕ್ಕಕ್ಕಿಡು ಬಾಬು. ಬಿಳೀದು ಮುಟ್ಟಬೇಡ, ಅದರ ಕೆಳಗಿರಲ್ಲ."

ಬಿಳಿಯದರ ಕೆಳಗೆ ಯಾಕಿರಲ್ಲ ಅಂತ ಕೇಳುವಷ್ಟು ಬುದ್ಧಿ ಅವನಿಗೆ ಹೊಳೆಯಲಿಲ್ಲ. ಹನ್ನೊಂದು ಗಂಟೆಗೆ ಕಣಿವೆಯಲ್ಲಿ ದಿನಾ ಬೀಸುವ ಗಾಳಿ ಏಳುವವರೆಗೂ ಕರೀ ಕಲ್ಲು ಎತ್ತಿ ಎತ್ತಿ ಒಂದು ಗುಡ್ಡೆಯನ್ನೇ ಮಾಡಿದ. ಅವಳು ಆ ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಿಧಾನವಾಗಿ ಏಳು ಕಲ್ಲು ಆರಿಸಿ ಡೋಕೊ ಬುಟ್ಟಿಗೆ ಹಾಕಿಕೊಂಡಳು.

"ಇವತ್ತು ಸಿಗಲಿಲ್ಲ ಬಿಡು. ನಾಳೆ ಬಾ," ಅಂತ ಬಾಯಿತುಂಬ ನಕ್ಕಳು. ಬಾಯಲ್ಲಿ ಮೂವತ್ತೆರಡೂ ಇದ್ದವು. ಎಲ್ಲ ಅವಳದೇ, ಒಂದೂ ಚಿನ್ನದ್ದಲ್ಲ.

ಮಧ್ಯಾಹ್ನ ಚಹಾದಂಗಡಿಗೆ ಹೋದರೆ ಊರವರು ಒಬ್ಬೊಬ್ಬರಾಗಿ ಅವನ ಮುಂದೆ ಬಾಯಿ ತೆರೆದು ನಿಂತರು. "ಬಾಬು, ನನ್ನ ದವಡೆ ಹಲ್ಲೂ ಸಿಗ್ತಿಲ್ಲ. ನಿನ್ನ ಜೀಪಲ್ಲೇನಾದ್ರೂ ಬಿಟ್ಟೆನಾ?"

ಅವಳ ಹೆಸರು ಯಾಂಗ್ಜೋಮ್ ಗುರುಂಗ್. ಹದಿನೆಂಟಕ್ಕೆ ಮೇಲಿನ ಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಕರ್ಮ ಹೇಸರಗತ್ತೆಗಳ ಸಾಲು ಹೊಡೆದುಕೊಂಡು ಉಪ್ಪು, ಅಕ್ಕಿ ಸಾಗಿಸುತ್ತಿದ್ದವನು. ರಸ್ತೆ ಬಂತು, ಜೀಪು ಬಂತು, ಹೇಸರಗತ್ತೆಗಳು ಹೋದವು. ಈಗ ಆತ ಗಾಳಿ ಬೀಳದ ಗೋಡೆಯ ಮರೆಯಲ್ಲಿ ಕೂತು ಉಣ್ಣೆ ನೂಲುತ್ತ ಊರಿನ ಮೇಲೆ ಟೀಕೆ ಮಾಡುತ್ತಾನೆ. ಸುಯಶ್ ಕಂಡರೆ, "ಬಂದ್ನಪ್ಪ, ನನ್ನ ಹದಿನಾಲ್ಕು ಹೇಸರಗತ್ತೆ ನುಂಗಿದವನು! ಚಹಾ ಕೊಡೇ ಬೂಢಿ, ಇನ್ನೂ ಹಸಿವಿರ್ಬೇಕು," ಅಂತ ತನ್ನ ಮುದುಕಿಗೆ ಕೂಗುತ್ತಾನೆ. ಮರುದಿನವೂ ಅದನ್ನೇ ಅನ್ನುತ್ತಾನೆ. ಚಹಾ ಮಾತ್ರ ತಪ್ಪದೆ ಬರುತ್ತದೆ, ಬೆಣ್ಣೆ ತೇಲುವ ಉಪ್ಪು ಚಹಾ.

ಯಾಂಗ್ಜೋಮ್ ಹುಡುಕುತ್ತಿದ್ದದ್ದು ಸಾಲಿಗ್ರಾಮ. ಮಳೆಗಾಲದ ನೆರೆ ಇಳಿದ ಮೇಲೆ ಬೆಟ್ಟ ಕುಸಿದ ಜಾಗದಿಂದ ಹೊಸ ಕರಿಗಲ್ಲುಗಳು ಉರುಳಿಬರುತ್ತವೆ. ಕೆಲವುಗಳ ಹೊಟ್ಟೆಯಲ್ಲಿ ಸುರುಳಿ ಸುತ್ತಿಕೊಂಡ ಪ್ರಾಣಿ ಮಲಗಿರುತ್ತದೆ, ಹಿಮಾಲಯ ಹುಟ್ಟುವ ಮೊದಲು ಇಲ್ಲಿದ್ದ ಸಮುದ್ರದ್ದು. ಸುತ್ತಿಗೆ ಹಿಡಿದು ಬರುವ ವಿದೇಶದವರು ಅದನ್ನು ಅಮೋನೈಟ್ ಅನ್ನುತ್ತಾರೆ, ಯಾತ್ರಿಕರು ವಿಷ್ಣುಚಕ್ರ ಅನ್ನುತ್ತಾರೆ. ಯಾಂಗ್ಜೋಮ್ "ಒಳಗಿರೋಳು" ಅನ್ನುತ್ತಾಳೆ. ಸಮುದ್ರವನ್ನು ಅವಳು ಕಂಡಿಲ್ಲ. ನೋಡುವ ಆಸೆಯಿಲ್ಲವೇ ಅಂತ ಸುಯಶ್ ಒಮ್ಮೆ ಕೇಳಿದ್ದಕ್ಕೆ ಕರ್ಮನೇ ಉತ್ತರ ಕೊಟ್ಟ: "ಸಮುದ್ರವೇ ನಮ್ಮೂರಿಗೆ ಬಂದು ಇದ್ದು ಹೋಗಿದೆ. ಬಂದು ಹೋದವರ ಮನೆಗೆ ನಾವು ಯಾಕೆ ಹೋಗ್ಬೇಕು?"

ಕಲ್ಲನ್ನು ಒಡೆದರೆ ಒಳಗೇನಿದೆ ಅಂತ ಯಾರಿಗಾದರೂ ಕಾಣುತ್ತದೆ. ಆದರೆ ಯಾಂಗ್ಜೋಮ್‌ಳ ಕಲ್ಲುಗಳು ಹೋಗುವುದು ಪೂಜೆಗೆ, ಅವು ಇಡಿಯಾಗಿರಬೇಕು. ಒಡೆಯದೆ ಒಳಗಿರೋಳನ್ನು ಪತ್ತೆ ಹಚ್ಚುವುದೇ ಅವಳ ವಿದ್ಯೆ. ಅಂಗೈಯಲ್ಲಿ ತೂಗುತ್ತಾಳೆ. ಕೆನ್ನೆಗೆ ಒತ್ತುತ್ತಾಳೆ. ಇನ್ನೊಂದು ಸಣ್ಣ ಕಲ್ಲಿನಿಂದ ಟಕ್ ಅಂತ ಕುಟ್ಟಿ ಕಿವಿಗೊಡುತ್ತಾಳೆ. ಕೊನೆಗೆ ನಾಲಿಗೆ ಚಾಚಿ ಅಂಚನ್ನೊಮ್ಮೆ ನೆಕ್ಕುತ್ತಾಳೆ. "ಕಣ್ಣಿಗೆ ಕಾಣದ ಏಣು ನಾಲಿಗೆಗೆ ಸಿಗುತ್ತೆ," ಅನ್ನುವುದು ಅವಳ ಮಾತು. ಪಾಸಾದ ಕಲ್ಲಿಗೆ ಕರ್ಮ ನೂತ ಉಣ್ಣೆಯ ಕೆಂಪು ದಾರ ಕಟ್ಟುತ್ತಾಳೆ. ಆ ದಾರ ಇದ್ದರೆ ಸಾಕು, ಪೊಖರಾದ ವ್ಯಾಪಾರಿ ಪುಷ್ಕರ್ ತಿಮಿಲ್ಸಿನಾ ಕಲ್ಲನ್ನು ತಿರುಗಿಸಿಯೂ ನೋಡದೆ ಚೀಲಕ್ಕೆ ಹಾಕುತ್ತಿದ್ದ.

ಸುಯಶ್‌ಗೆ ಈ ಹುಚ್ಚು ಹತ್ತಿತು. ದಿನಾ ಬೆಳಿಗ್ಗೆ ಕೌಂಟರ್ ತೆರೆಯುವ ಮೊದಲು ನದಿಗೆ ಇಳಿದ. ತೂಗಿದ, ಕೆನ್ನೆಗೆ ಒತ್ತಿದ, ನೆಕ್ಕಿದ. ಒಂದು ಸಲ ನೆಕ್ಕಿದ್ದು ಕಲ್ಲಲ್ಲ, ಚೆನ್ನಾಗಿ ಒಣಗಿದ ಹೇಸರಗತ್ತೆಯ ಲದ್ದಿ. "ನನ್ನ ಹೇಸರಗತ್ತೆ ಸೇಡು ತೀರಿಸ್ಕೊಂಡಿತು!" ಅಂತ ಕರ್ಮ ಆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿದ. ಎರಡು ವರ್ಷದಲ್ಲಿ ಸುಯಶ್‌ನ ಸಂಗ್ರಹಕ್ಕೆ ಬಂದದ್ದು ಟೈರಿನ ಚೂರು, ಒಂದು ಬೇರಿಂಗ್, ನೂರಾರು ಖಾಲಿ ಗುಂಡುಕಲ್ಲು. ಒಳಗಿರೋಳು ಒಬ್ಬಳೂ ಇಲ್ಲ.

ಎರಡನೆಯ ದಸೈಂ ಹಬ್ಬಕ್ಕೆ ಪೊಖರಾಕ್ಕೆ ಹೋದವನು ಕೆರೆಯ ದಂಡೆಯ ಫುಟ್‌ಪಾತ್ ವ್ಯಾಪಾರಿಯ ಮುಂದೆ ನಿಂತ. ನಿಲ್ಲಬಾರದಿತ್ತು. ಮೂರು ಕಲ್ಲು, ಮೂರಕ್ಕೂ ಪುಟ್ಟ ಬಾಯಿ, ಬಾಯೊಳಗೆ ಹಲ್ಲುಹಲ್ಲಾದ ಚಕ್ರ. ಜೇಬಿನಲ್ಲಿ ಹಬ್ಬದ ಬೋನಸ್. ಅಮ್ಮನಿಗೆ ಕೊಳ್ಳಬೇಕೆಂದಿದ್ದ ಶಾಲು ಅಲ್ಲೇ ಕಲ್ಲಾಯಿತು.

ಹಬ್ಬ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಆ ಮೂರಕ್ಕೂ ನದಿಯ ಕೆಸರು ಬಳಿದು, ಮಂಡಿಯುದ್ದ ನೀರಲ್ಲಿ ನಿಂತು, "ಆಮಾ! ಸಿಕ್ಕಿತು! ಮೂರು!" ಅಂತ ಅರಚಿದ.

ಯಾಂಗ್ಜೋಮ್ ಡೋಕೊ ಎಸೆದು ಓಡಿಬಂದಳು. ಬಾಯೊಳಗಿನ ಚಕ್ರ ಕಂಡದ್ದೇ ತಡ, ಅವಳ ಕೂಗಿಗೆ ದಂಡೆಯ ಪಾರಿವಾಳಗಳು ಎದ್ದವು. "ಮೂರು! ಒಂದೇ ಜಾಗದಲ್ಲಿ! ಬೂಢಾ, ನೋಡೋ, ನಮ್ಮ ಜೀಪಿನೋನಿಗೆ ಮೂರು!" ಅವನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದಳು. ಕರ್ಮ ಕದಿರು ಬಿಟ್ಟು ಬಂದು ತಾನೂ ಸೇರಿಕೊಂಡ. ನೀರಲ್ಲಿ ಮೂವರೂ ಬಿದ್ದರು, ಎದ್ದರು, ಮತ್ತೆ ಕುಣಿದರು. ಊರಿಗೆಲ್ಲ ಛ್ಯಾಂಗ್ ಹಂಚಿದರು. ಬಾರ್ಲಿಯ ಹೆಂಡ ನೆತ್ತಿಗೇರಿ ಸುಯಶ್ ಕೂಡ ಕಲ್ಲು ನದಿಯಲ್ಲೇ ಸಿಕ್ಕಿತೆಂದು ಅರ್ಧ ನಂಬಿದ.

ನೆನಪಿಗೆ ಇಟ್ಟುಕೊಳ್ಳುತ್ತೇನೆ ಅಂತ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. "ನಿನ್ನ ಮೊದಲ ಬೆಳೆ. ಯಾರದಾದ್ರೂ ದೇವರ ಮನೆ ಸೇರ್ಲಿ," ಅಂತ ಮೂರಕ್ಕೂ ಕೆಂಪು ದಾರ ಕಟ್ಟಿದಳು. ಕಲ್ಲುಗಳು ಬಂದ ದಾರಿಯಲ್ಲೇ, ಅವನೇ ಹರಿದ ಟಿಕೆಟಿನಲ್ಲಿ, ತಿಮಿಲ್ಸಿನಾನ ಚೀಲದೊಳಗೆ ಕೂತು ಪೊಖರಾಕ್ಕೆ ವಾಪಸಾದವು.

ಚೈತ್ರದಲ್ಲಿ ತಿಮಿಲ್ಸಿನಾ ಬಂದ. ನಮಸ್ಕಾರವಿಲ್ಲ, ಚಹಾ ಬೇಡ. ಯಾಂಗ್ಜೋಮ್‌ಳ ಅಂಗಳದಲ್ಲಿ ಮೂರು ಕಲ್ಲಿನ ಚೂರು ಸುರಿದ. ಒಂದೊಂದರಲ್ಲೂ ಕೆಂಪು ದಾರ ಸಿಕ್ಕಿಕೊಂಡಿತ್ತು.

"ನೋಡು ದಿದಿ. ಸಿಮೆಂಟಿಗೆ ಮಸಿ ಕಲಸಿ ಅಚ್ಚು ಹೊಯ್ದದ್ದು. ಅಭಿಷೇಕ ಮಾಡೋವಾಗ ನೀರೆಲ್ಲ ಕಪ್ಪಾಯ್ತಂತೆ. ಇಪ್ಪತ್ತು ವರ್ಷ ನಿನ್ನ ದಾರ ನಂಬಿದೆ. ಇನ್ನು ಅದನ್ನ ಕಟ್ಟಬೇಡ. ನಾನು ಬೇರೆ ಊರಲ್ಲಿ ತಗೋತೀನಿ."

ಯಾಂಗ್ಜೋಮ್‌ಳ ಮುಖ ಸುಟ್ಟು ಕಪ್ಪಾದ ಫಾಪರ್ ಹಿಟ್ಟಿನ ರೊಟ್ಟಿಯ ಹಾಗಾಯಿತು. ಅವಳ ಹತ್ತಿರ ಇದ್ದದ್ದು ಆ ದಾರವೊಂದೇ. ಅದು ಹೋದರೆ ಅವಳು ಕಲ್ಲು ನೆಕ್ಕುವ ಮುದುಕಿ, ಅಷ್ಟೇ.

"ನದಿಗೆ ನಡಿ ಸಾಹುಜಿ. ನಿಂಗೆ ಬೇಕಾದ ಐದು ಕಲ್ಲು ನೀನೇ ಎತ್ತು. ಒಳಗೇನಿದೆ ಅಂತ ನಾನು ಹೇಳ್ತೀನಿ. ಆಮೇಲೆ ಒಡಿ. ಒಂದು ತಪ್ಪಿದ್ರೂ ದಾರ ಬಿಟ್ಟೆ."

ಜೀಪು ಹೊರಡುವ ಹೊತ್ತು, ಆದರೆ ಚಾಲಕನೂ ಪ್ರಯಾಣಿಕರೂ ಎಲ್ಲ ನದಿಯಲ್ಲಿ. ಸುತ್ತಿಗೆ ಹಿಡಿಯಲು ಯಾರು ಅಂದಾಗ ಕರ್ಮ ಸುಯಶ್‌ನನ್ನು ಮುಂದೆ ತಳ್ಳಿದ. "ಇವನೇ ಹೊಡೀಲಿ. ಇವನ ಕೈಗುಣ ಒಳ್ಳೇದು, ಒಂದೇ ಸಲಕ್ಕೆ ಮೂರು ಸಿಕ್ಕಿತ್ತು!" ಸುಯಶ್ ಯಾಂಗ್ಜೋಮ್ ಕಡೆ ನೋಡದೆ ಸುತ್ತಿಗೆ ಎತ್ತಿಕೊಂಡ.

ಮೊದಲನೆಯದು. ಅವಳು ತೂಗಿದಳು, ನೆಕ್ಕಿದಳು. "ಇದ್ದಾಳೆ." ಠಣ್! ಇದ್ದಳು. ಒಡೆಸುತ್ತಿದ್ದವನು ತಿಮಿಲ್ಸಿನಾನೇ, ಆದರೆ ಪ್ರತಿ ಏಟಿಗೂ ಕಣ್ಣು ಮುಚ್ಚಿ "ನಾರಾಯಣ, ನಾರಾಯಣ" ಅಂತ ಕೆನ್ನೆ ಬಡಿದುಕೊಳ್ಳುತ್ತಿದ್ದ. ಎರಡನೆಯದು: "ಖಾಲಿ." ಖಾಲಿ. ಮೂರನೆಯದು: "ಇದ್ದಾಳೆ, ಆದ್ರೆ ಮುದುಡಿದ್ದಾಳೆ." ಒಳಗೆ ನಜ್ಜುಗುಜ್ಜಾದ ಸುರುಳಿ. ಜನ ಶಿಳ್ಳೆ ಹಾಕಿದರು. ನಾಲ್ಕನೆಯದು: "ಖಾಲಿ." ಅದೂ ಖಾಲಿ. ಐದನೆಯದನ್ನು ಅವಳು ಎರಡು ಸಲ ನೆಕ್ಕಿದಳು, ಮೂರನೆಯ ಸಲ ಕೆನ್ನೆಗೆ ಒತ್ತಿ ನಕ್ಕಳು. "ಇಬ್ಬರಿದ್ದಾರೆ."

"ಇಬ್ಬರಾ? ಹೋಗೇ ಬೂಢಿ, ಜಾಸ್ತಿ ಆಯ್ತು!" ಅಂದ ಕರ್ಮ.

ಠಣ್! ಇಬ್ಬರಿದ್ದರು. ದೊಡ್ಡವಳ ಬೆನ್ನಿಗೆ ಅಂಟಿಕೊಂಡು ಗುಂಡಿಯಷ್ಟು ಸಣ್ಣವಳು.

ನದಿಯಲ್ಲಿ ಎದ್ದ ಗದ್ದಲಕ್ಕೆ ಗಾಳಿಯೇ ಹೆದರಿ ಆವತ್ತು ತಡವಾಗಿ ಬಂತು ಅಂತ ಊರವರು ಈಗಲೂ ಹೇಳುತ್ತಾರೆ. ತಿಮಿಲ್ಸಿನಾ ಬೆರಗಾಗಿ, ಅವಳು ಡೋಕೊದಲ್ಲಿ ತಂದಿದ್ದ ಆ ವರ್ಷದ ಕಲ್ಲುಗಳನ್ನು ಚೀಲಕ್ಕೆ ತುಂಬಲು ಶುರುಮಾಡಿದ. ತುಂಬುತ್ತ ತುಂಬುತ್ತ ಕೈ ನಿಂತಿತು. "ಹಾಗಾದ್ರೆ ಆ ಮೂರು ಎಲ್ಲಿಂದ ಬಂತು?"

ಸುಯಶ್ ಸುತ್ತಿಗೆ ಕೆಳಗಿಟ್ಟ.

"ನಾನು ತಂದದ್ದು ಸಾಹುಜಿ. ಪೊಖರಾದ ಫುಟ್‌ಪಾತ್‌ನಿಂದ. ಕೆಸರು ಬಳಿದವನೂ ನಾನೇ."

ಯಾರೋ ಕಿಸಕ್ಕೆಂದರು. ಆಮೇಲೆ ನದಿಗೆ ನದಿಯೇ ನಕ್ಕಿತು. ಕರ್ಮ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. "ಅಯ್ಯೋ ಸಿಮೆಂಟಿಗೆ ಕುಣಿದ್ನಲ್ಲೋ! ಛ್ಯಾಂಗ್ ಬೇರೆ ಹಂಚಿದ್ನಲ್ಲೋ!"

ತಿಮಿಲ್ಸಿನಾ ನಗಲಿಲ್ಲ. ಚೀಲದ ಬಾಯಿ ಹಿಡಿದುಕೊಂಡೇ ಯಾಂಗ್ಜೋಮ್ ಕಡೆ ತಿರುಗಿದ.

"ತಂದವನು ಇವನು, ಸರಿ. ದಾರ ಕಟ್ಟಿದವಳು ನೀನು ದಿದಿ. ಸಿಮೆಂಟು ಅಂತ ಗೊತ್ತಿದ್ದೇ ಕಟ್ಟಿದ್ಯಾ, ಇಲ್ಲ ಗೊತ್ತಾಗಲೇ ಇಲ್ವಾ?"

ಗೊತ್ತಿತ್ತು ಅಂದರೆ ಮೋಸಗಾತಿ, ಗೊತ್ತಾಗಲಿಲ್ಲ ಅಂದರೆ ವಿದ್ಯೆ ಸುಳ್ಳು. ಸುಯಶ್ ನೆಲ ನೋಡಿದ. ಹುಡುಗನ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆ ಅಂತ ಅವಳು ಹೇಳಲಿ, ತಪ್ಪೆಲ್ಲ ತನ್ನ ತಲೆಗೇ ಬೀಳಲಿ ಅಂತ ಒಳಗೊಳಗೇ ಬೇಡಿಕೊಂಡ.

ಯಾಂಗ್ಜೋಮ್ ಸೊಂಟದ ಮುಂದೆ ಕಟ್ಟಿದ್ದ ಪಾಂಗ್ದೆನ್ ಬಟ್ಟೆಗೆ ಕೈ ಒರೆಸಿಕೊಂಡಳು.

"ಗೊತ್ತಾಗಲಿಲ್ಲ. ನೆಕ್ಕಿ ನೋಡಲೇ ಇಲ್ಲ, ಕುಣೀತಿದ್ದೆ. ಚೀಲ ಎತ್ತೋದಾದ್ರೆ ಎತ್ತು, ಬಿಡೋದಾದ್ರೆ ಬಿಡು."