ಬೆಸುಗೆಯಿಲ್ಲದ ಬಾಗಿಲು

ಬಾಗಲಕೋಟೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಗಾಡಿಗಳ ಬಾಗಿಲು ಮಾಡುತ್ತೇನೆ. ಸಾಮಾನು ಸಾಗಿಸುವ, ಬ್ಯಾಟರಿಯಿಂದ ಓಡುವ ಮೂರು ಗಾಲಿಯ ಗಾಡಿಗಳವು. ಬಾಗಿಲು ನೋಡಲು ಒಂದೇ ತಗಡಿನಂತೆ ಕಂಡರೂ ಅದರಲ್ಲಿ ಎರಡಿರುತ್ತವೆ. ಹೊರಗಿನದು ಬಣ್ಣ ಬಳಿಸಿಕೊಂಡು ಮೆರೆಯುವ ತಗಡು, ಒಳಗಿನದು ಅದಕ್ಕೆ ಬಲ ಕೊಡುವ ಚೌಕಟ್ಟು. ಇವೆರಡನ್ನು ಒಂದು ಮಾಡುವುದು ನನ್ನ ಕೆಲಸ. ಬೆಸುಗೆ ಹಾಕುವುದಿಲ್ಲ, ಬೋಲ್ಟು ಬಿಗಿಯುವುದಿಲ್ಲ. ಹೊರತಗಡಿನ ಅಂಚನ್ನು ಎಬ್ಬಿಸಿ, ಬಾಗಿಸಿ, ಒಳತಗಡಿನ ಮೇಲೆ ಮಡಚಿ ಒತ್ತಿಬಿಡುತ್ತೇವೆ, ಅಷ್ಟೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಳಕಲ್ಲಿಗೆ ಹೋದಾಗ ಅವ್ವನಿಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೆ. ಅವ್ವ ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದಳು.

"ಸುಟ್ಟು ಹಚ್ಚೂದಿಲ್ಲ ಅಂತಿ, ಮೊಳಿ ಹೊಡಿಯೂದಿಲ್ಲ ಅಂತಿ. ಮತ್ತ ಹೆಂಗ ಕೂಡತೈತಿ?"

"ನೀ ಸೆರಗಿನ ಎಳಿಗೆ ಸೀರಿ ಮೈಯ ಎಳಿ ಕೊಂಡಿ ಹಾಕಿ ಕೂಡಸ್ತೀಯಲ್ಲವ್ವ, ಹಂಗ. ಒಂದು ಇನ್ನೊಂದನ್ನ ಹಿಡಕೊಂಡಿರತೈತಿ."

ಅವ್ವನ ಕೈ ಒಂದು ಗಳಿಗೆ ನಿಂತಿತು. "ಹಂಗಾರ ಗಟ್ಟಿ ಇರತೈತಿ ಬಿಡು," ಎಂದು ಲಾಳಿ ಎಸೆದಳು. ಅದರ ನಂತರ ನನ್ನ ಕೆಲಸದ ಬಗ್ಗೆ ಅವಳಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಅನುಮಾನ ಇದ್ದದ್ದು ಕಾಕಾ ಅವರಿಗೆ. ನನ್ನ ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡುವ, ನಾನು ಕಾಕಾ ಎಂದು ಕರೆಯುವ ಇವರು ಬಾದಾಮಿಯವರು. ಅರ್ಧ ಆಯುಷ್ಯ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬೆಸುಗೆ ಹಾಕಿ ಬಂದವರು. ಬೆಂಕಿ ಕಾಣದ ಜೋಡಣೆಯನ್ನು ಜೋಡಣೆ ಎಂದು ಒಪ್ಪಲು ಅವರ ಮನಸ್ಸು ತಯಾರಿರಲಿಲ್ಲ. ನಾನು ಐಟಿಐ ಮುಗಿಸಿ ಬಂದ ಮೊದಲ ವಾರ, ನಾನು ಮಡಚಿದ ಬಾಗಿಲೊಂದನ್ನು ಎತ್ತಿಕೊಂಡು ಹೋಗಿ ಅಂಚಿಗೆ ಉಳಿ ಕೊಟ್ಟು ಸುತ್ತಿಗೆಯಿಂದ ಹೊಡೆದರು. ತಗಡು ಸೊಟ್ಟಗಾಯಿತು, ಹರಿಯಿತು, ಮಡಿಕೆ ಮಾತ್ರ ಬಿಡಲಿಲ್ಲ. ಕಾಕಾ ಉಳಿ ಕೆಳಗಿಟ್ಟು, "ತಂಗಿ, ನನಗೂ ಒಂದೀಟು ಕಲಿಸು," ಎಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವತ್ತಿನಿಂದ ನಾವಿಬ್ಬರೂ ಒಂದೇ ಡಬ್ಬಿಯ ಶೇಂಗಾ ಚಟ್ನಿ ಹಂಚಿಕೊಂಡು ರೊಟ್ಟಿ ತಿನ್ನುವವರು.

ಎರಡು ವರ್ಷದ ಹಿಂದೆ ಗಾಡಿಯ ತೂಕ ಇಳಿಸಬೇಕೆಂದು ಹೊರತಗಡನ್ನು ಉಕ್ಕಿನಿಂದ ಅಲ್ಯೂಮಿನಿಯಮ್ಮಿಗೆ ಬದಲಾಯಿಸಿದರು. ಹಗುರ, ಹೊಳಪು, ಕೈಗೆ ಹಿತ. ಮೊದಲ ಲೋಡಿನ ಬಾಗಿಲುಗಳು ಮುಗಿಯುತ್ತ ಬಂದಿದ್ದವು. ಕಾಕಾ ಒಂದು ಬಾಗಿಲ ಅಂಚಿನ ಮೇಲೆ ಉಗುರು ಎಳೆದವರು ನಿಂತುಬಿಟ್ಟರು.

"ತಂಗಿ, ಇಲ್ಲಿ ಬಾ. ಕೈ ಹಚ್ಚಿ ನೋಡು."

ಮಡಿಕೆಯ ಬೆನ್ನಿನ ಮೇಲೆ ಕೂದಲೆಳೆಯಂಥ ಬಿರುಕು. ಕಣ್ಣಿಗೆ ಸರಿಯಾಗಿ ಕಾಣದು, ಉಗುರಿಗೆ ಸಿಗುತ್ತದೆ. ಇನ್ನೊಂದು ಬಾಗಿಲು ತೆಗೆದು ನೋಡಿದೆವು, ಅದರಲ್ಲೂ ಇತ್ತು. ಮತ್ತೊಂದರಲ್ಲೂ.

ಸೂಪರ್‌ವೈಸರ್ ಬಂದು ಬಾಗಿ ನೋಡಿದರು. "ಇಷ್ಟಽ ಏನು? ಬಣ್ಣ ಹಾಕಿದ ಮ್ಯಾಲೆ ಮುಚ್ಚಿ ಹೋಗತೈತಿ. ನಾಳಿ ಲೋಡ್ ಹೋಗಬೇಕು."

ಬಾಗಿಲುಗಳನ್ನು ಪರೀಕ್ಷಿಸಿ ಕಾಗದಕ್ಕೆ ಸಹಿ ಮಾಡುವ ಹೊಣೆ ನನ್ನದಾಗಿತ್ತು. ಆ ಕಾಗದವನ್ನು ಪಕ್ಕಕ್ಕಿಟ್ಟು ಹೇಳಿದೆ. "ಬಣ್ಣ ಮುಚ್ಚತೈತ್ರಿ ಸರ್. ಆದ್ರ ನಮ್ಮ ರಸ್ತಾದಾಗ ನಾಕು ತಿಂಗಳು ಕುಣಿದ್ರ ಅದು ಬಾಯಿ ತೆರೀತೈತಿ. ನಾ ಸಹಿ ಮಾಡೂದಿಲ್ರಿ."

"ನಿಮ್ಮ ಸಹಿ ಇಲ್ಲಂದ್ರ ಗಾಡಿ ಹೊರಗ ಹೋಗೂದಿಲ್ಲ, ಗೊತ್ತೈತಿಲ್ಲೋ?"

"ಗೊತ್ತಿದ್ದಽ ಹೇಳಾಕತ್ತೇನ್ರಿ. ಎರಡು ದಿನ ಟೈಮ್ ಕೊಡ್ರಿ."

ಅವರು ಗಡಿಯಾರ ನೋಡಿಕೊಂಡು ಹೋದರು. ಬೇಡ ಎನ್ನಲಿಲ್ಲವಲ್ಲ, ಅದನ್ನೇ ಒಪ್ಪಿಗೆ ಎಂದುಕೊಂಡೆವು.

ಬಾಗಿಲುಗಳನ್ನೆಲ್ಲ ನೆಲದ ಮೇಲೆ ಹರಡಿ, ಬಿರುಕಿದ್ದಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದೆ. ಯಾವ ಬಾಗಿಲಲ್ಲೂ ನಾಲ್ಕೂ ಕಡೆ ಬಿರುಕಿರಲಿಲ್ಲ. ಕೆಲವಕ್ಕೆ ಎಡ ಬಲ, ಕೆಲವಕ್ಕೆ ಮೇಲೆ ಕೆಳಗೆ. ಯಾವಾಗಲೂ ಎದುರುಬದುರಿನ ಎರಡೇ ಅಂಚು. ಬಹಳ ಹೊತ್ತು ಅದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದೆ. ಕಿಟಕಿಯ ಬಿಸಿಲು ಓರೆಯಾಗಿ ತಗಡಿನ ಮೇಲೆ ಬಿದ್ದಾಗ ಸಣ್ಣ ಗೆರೆಗಳು ಕಂಡವು. ದೊಡ್ಡ ಉರುಳೆಗಳ ನಡುವೆ ತಗಡನ್ನು ಲಟ್ಟಿಸುವಾಗ ಬೀಳುವ ಗೆರೆಗಳು. ಬಿರುಕೆಲ್ಲ ಆ ಗೆರೆಗಳ ಜೊತೆಗೇ ಹೊರಟಿತ್ತು. ಗೆರೆಗೆ ಅಡ್ಡವಾಗಿ ಮಡಚಿದಲ್ಲಿ ಒಂದೂ ಇರಲಿಲ್ಲ.

ಕುಣಿಯುವಷ್ಟು ಖುಷಿಯಾಯಿತು. "ಕಾಕಾ, ತಗಡ ತಿರುವಿ ಕತ್ತರಿಸಿದ್ರ ಆತು!"

ಕಾಕಾ ನಕ್ಕರು. "ಬಾಗಲಕ್ಕ ನಾಕು ಬದಿ ಅದಾವಲ್ಲವ. ಇತ್ತಾಗ ತಿರುವಿದ್ರ ಅತ್ತಾಗ ಒಡೀತೈತಿ."

ಖರೆ. ಹೇಗೆ ಇಟ್ಟರೂ ಎರಡು ಅಂಚು ಗೆರೆಯ ಜೊತೆಗೇ ಬರುತ್ತವೆ. ಕಾರಣ ಸಿಕ್ಕಿತ್ತು, ದಾರಿ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಚೂರು ತಗಡುಗಳನ್ನು ತಂದು ಒಂದೊಂದನ್ನೂ ಬೇರೆ ಬೇರೆ ರೀತಿ ಮಡಚುತ್ತ ಕೂತೆ. ಪೂರ್ತಿ ಚಪ್ಪಟೆ ಮಾಡಿದರೆ ಒಡೆಯುತ್ತಿತ್ತು. ಕಡಿಮೆ ಒತ್ತಿದರೆ ಸಡಿಲವಾಗಿ ಅಲ್ಲಾಡುತ್ತಿತ್ತು. ಹನ್ನೊಂದನೆಯದೋ ಹನ್ನೆರಡನೆಯದೋ ಚೂರಿಗೆ ಮಡಿಕೆಯ ತಿರುವನ್ನು ಒತ್ತದೆ ದುಂಡಗೆ ಬಿಟ್ಟು, ತುದಿಯನ್ನು ಮಾತ್ರ ಒಳತಗಡಿಗೆ ಅದುಮಿದೆ. ಪಕ್ಕದಿಂದ ನೋಡಿದರೆ ನೀರಿನ ಹನಿಯಂತಿತ್ತು. ಉಗುರು ಎಳೆದೆ. ನುಣುಪು. ಎಳೆದು ನೋಡಿದೆ. ಬಿಗಿ.

ಕಾಕಾ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿ ಗ್ರೈಂಡರ್ ಎತ್ತಿಕೊಂಡರು. ಅಂಚನ್ನು ಒತ್ತಿ ಮಡಚುವ ಪ್ರೆಸ್ಸಿನ ಅಚ್ಚಿನಲ್ಲಿ ತಿರುವು ಕೂರುವಷ್ಟು ಜಾಗವನ್ನು ಸವೆಸಬೇಕಿತ್ತು, ಒಂದು ಕೂದಲು ಹೆಚ್ಚಾದರೆ ಅಚ್ಚೇ ಹಾಳು. ಮಧ್ಯಾಹ್ನದ ಊಟ ಬಿಟ್ಟು ಮೂರು ಗಂಟೆಯವರೆಗೆ ತೇದರು, ಅಳೆದರು, ತೇದರು. ಆ ಕೈಯನ್ನು ನೋಡಿ ನಾನು ಕಲಿತದ್ದು ಐಟಿಐನಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ಆ ಸಂಜೆ ಹತ್ತು ಬಾಗಿಲು ಮಾಡಿದೆವು. ಹತ್ತರಲ್ಲೂ ಬಿರುಕಿಲ್ಲ. ಕಾಕಾ ಹಳೆಯ ಉಳಿಯನ್ನು ಸೂಪರ್‌ವೈಸರ್ ಕೈಗೇ ಕೊಟ್ಟು, "ನೀವಽ ಹೊಡದು ನೋಡ್ರಿ ಸಾಹೇಬ್ರ," ಎಂದರು. ಅವರು ಹೊಡೆದರು, ಇನ್ನೊಮ್ಮೆ ಜೋರಾಗಿ ಹೊಡೆದರು. ಮಡಿಕೆ ಬಿಡಲಿಲ್ಲ. ಬಿರುಕಿದ್ದ ಬಾಗಿಲುಗಳೆಲ್ಲ ಗುಜರಿಗೆ ಹೋದವು, ಲೋಡು ತಡವಾಗಿಯೇ ಹೊರಟಿತು, ಸೂಪರ್‌ವೈಸರ್ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆದರೆ ತಿಂಗಳ ನಂತರ ಗಾಡಿ ಕಂಪನಿಯ ಎಂಜಿನಿಯರ್ ಒಬ್ಬರು ಬಂದು ಮಡಿಕೆಯನ್ನು ಸವರಿ, "ಇದನ್ನು ಬದಲಾಯಿಸಿದವರು ಯಾರು?" ಎಂದು ಕೇಳಿದಾಗ, ಅದೇ ಸೂಪರ್‌ವೈಸರ್ ನಮ್ಮಿಬ್ಬರನ್ನೂ ಮುಂದೆ ಕರೆದು ನಿಲ್ಲಿಸಿದರು. "ಇವರು ಕಂಡು ಹಿಡಿದ್ರು, ಅವರು ಮಾಡಿದ್ರು," ಎಂದು ಮೊದಲು ನನ್ನನ್ನು, ಆಮೇಲೆ ಕಾಕಾ ಅವರನ್ನು ತೋರಿಸಿದರು. ತಾವೇ ಮಾಡಿಸಿದ್ದು ಎಂದಿದ್ದರೆ ಕೇಳುವವರು ಯಾರಿದ್ದರು? ಕಾಕಾ ಒರೆಸುವ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆ ಶನಿವಾರ ಊರಿಗೆ ಹೋಗುವಾಗ ಅಮೀನಗಡದಲ್ಲಿ ಬಸ್ಸಿಳಿದು ಅವ್ವನಿಗೆ ಕರದಂಟು ಕೊಂಡೆ.

ಕಳೆದ ತಿಂಗಳು ಹುನಗುಂದದ ಬಸ್ ನಿಲ್ದಾಣದ ಹೊರಗೆ ನಮ್ಮ ಗಾಡಿಯೊಂದು ನಿಂತಿತ್ತು, ಮೇಲೆ ಉಳ್ಳಾಗಡ್ಡಿ ಚೀಲಗಳು. ತಡೆಯಲಾಗದೆ ಹೋಗಿ ಬಾಗಿಲ ಅಂಚಿನ ಮೇಲೆ ಉಗುರು ಎಳೆದೆ.

"ಏನ್ರಿ ಅಕ್ಕಾರ, ಏನ್ ಹುಡುಕಾಕತ್ತೀರಿ?" ಎಂದು ಚಾಲಕ ಕೇಳಿದ.

"ಬಾಗಲಾ ಹೆಂಗೈತ್ರಿ?"

"ಬಾಗಲಾ ಏನೂ ಆಗಿಲ್ರಿ. ಎರಡು ಸಲ ಗ್ವಾಡಿಗೆ ಹಾಯ್ಸೇನಿ, ಹಂಗಽ ಐತಿ."

"ಅದನ್ನ ಮಾಡಿದವರು ನಾವಽ," ಎಂದೆ. ಹೇಳಬಾರದು ಅಂದುಕೊಂಡಿದ್ದರೂ ಬಾಯಿಂದ ಬಂದುಬಿಟ್ಟಿತು.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೌದ್ರಿ? ಹಂಗಾರ ಆ ಹಿಡಿಕಿ ಯಾಕಷ್ಟು ಬಿಗಿ ಮಾಡೀರಿ? ಕೈ ನೋಯತೈತಿ."

"ಹಿಡಿಕಿ ನಮ್ದಲ್ರಿ," ಎಂದು ನಗುತ್ತ ಇಳಕಲ್ಲಿನ ಬಸ್ಸು ಹತ್ತಿದೆ.