ಹಿಂದಕ್ಕೆ ಬಾರದ ಹ್ಯಾಂಡಲ್ಲು

ಮಿಕ್ಸಿ ತರುತ್ತೇನೆಂದು ಮನೆಯಿಂದ ಹೊರಟವಳು ವಿಡಿಯೊ ಗೇಮ್ ಹೊತ್ತುಕೊಂಡು ಬಂದರೆ ಯಾವ ಗಂಡನಾದರೂ ಏನಾದರೊಂದು ಅನ್ನುತ್ತಾನೆ. ನನ್ನ ಗಂಡ ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಇದರಲ್ಲಿ ಚಟ್ನಿ ಯಾವ ಕಡೆಯಿಂದ ರುಬ್ಬುವುದು ಎಂದು ಕೇಳಿದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ವಯಸ್ಸು ನಲವತ್ತು ದಾಟಿದೆ, ನಾವಿರುವ ಗುತ್ತಲಿನಲ್ಲಿ ನಾಲ್ಕು ಜನ ಮೇಡಂ ಎಂದು ನಮಸ್ಕಾರ ಹೊಡೆಯುತ್ತಾರೆ. ಎಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ನಾನು ಪೆಟ್ಟಿಗೆಯ ಟೇಪನ್ನು ಹಲ್ಲಿನಿಂದ ಕೀಳುತ್ತಿದ್ದೆ. ಗಂಡನಿಗೆ ಉತ್ತರ ಕೊಡುವ ಪುರಸೊತ್ತು ಯಾರಿಗಿತ್ತು?

ಅಂಗಡಿಯಲ್ಲಿ ಆದದ್ದು ಇಷ್ಟೇ. ಮಿಕ್ಸಿಗಳ ಎದುರುಗೋಡೆಯಲ್ಲಿ ಒಂದು ದೊಡ್ಡ ಟೀವಿ ಇಟ್ಟಿದ್ದರು. ಅದರಲ್ಲಿ ಇಬ್ಬರು ಹೊಡೆದಾಡುತ್ತಿದ್ದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಹೊಟ್ಟೆ. ಆ ಹೊಟ್ಟೆಯನ್ನು ಸಾವಿರ ಹೊಟ್ಟೆಗಳ ನಡುವೆ ಇಟ್ಟರೂ ನಾನು ಗುರುತು ಹಿಡಿಯಬಲ್ಲೆ. ಡೊಳ್ಳಪ್ಪ! ಅವನ ಅಸಲಿ ಹೆಸರು ಬೇರೆಯೇ ಇತ್ತು, ಇಂಗ್ಲಿಷಿನಲ್ಲಿ ಬಂದು ಓದುವಷ್ಟರಲ್ಲಿ ಮಾಯವಾಗುತ್ತಿತ್ತು. ಹಾಗಾಗಿ ಆ ಆಟದ ಜಟ್ಟಿಗಳಿಗೆಲ್ಲ ನಾನೂ ಅಕ್ಕನೂ ಚಿಕ್ಕವರಿದ್ದಾಗ ಮದ್ದೂರಿನಲ್ಲಿ ನಮ್ಮದೇ ಹೆಸರು ಇಟ್ಟಿದ್ದೆವು. ಡೊಳ್ಳಪ್ಪನಿಗೆ ಈಗ ಗಡ್ಡ ನರೆತಿದೆ, ಹೊಟ್ಟೆ ಮಾತ್ರ ಹಾಗೇ ಇದೆ. ಅವನ ಎದುರಿಗೆ ನಿಂತಿದ್ದವಳು ನನ್ನ ಜಡೆಯಮ್ಮ. ಅಯ್ಯೋ, ಜಡೆಯನ್ನೇ ಕತ್ತರಿಸಿಕೊಂಡಿದ್ದಳು! ಕುತ್ತಿಗೆಯವರೆಗೆ ಬಾಬ್ ಕಟ್. ನನ್ನನ್ನು ಒಂದು ಮಾತು ಕೇಳಬಾರದಾಗಿತ್ತೇ ಎಂದು ಸಿಟ್ಟೇ ಬಂತು. ಇಷ್ಟು ವರ್ಷವೂ ಆ ಆಟ ಭಾಗದ ಮೇಲೆ ಭಾಗ ಬರುತ್ತಲೇ ಇತ್ತಂತೆ. ನಾನು ಮದುವೆ, ಕೆಲಸ, ಮಗಳ ಓದು ಎಂದು ಆ ಕಡೆ ತಲೆಯೇ ಹಾಕಿರಲಿಲ್ಲ.

ನನ್ನ ಚಿಕ್ಕಪ್ಪ ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದ. ಹೊಡೆದಾಟದ ಆಟದ್ದು ಒಂದೇ ಯಂತ್ರ. ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಹೋದಾಗ ಷಟರು ಅರ್ಧ ಎಳೆದು, ಅಂಗಡಿ ನೋಡಿಕೊಳ್ಳಿ ಎಂದು ನನ್ನನ್ನೂ ಅಕ್ಕನನ್ನೂ ಕೂರಿಸುತ್ತಿದ್ದ. ಗಂಡು ಹುಡುಗರು ಯಾರೂ ಇಲ್ಲದ ಆ ಹೊತ್ತು ನಮ್ಮದು. ಎಡಗಡೆಯ ಜಾಗ ಅಕ್ಕನದು, ಯಾಕೆಂದರೆ ಅವಳು ಅಕ್ಕ. ಬಲಗಡೆಯದು ನನ್ನದು. ನನ್ನ ಕಡೆಯ ಹ್ಯಾಂಡಲ್ಲು ಹಿಂದಕ್ಕೆ ಬರುತ್ತಿರಲಿಲ್ಲ. ಒಳಗೆ ಏನೋ ಮುರಿದಿತ್ತು. ಆ ಆಟದಲ್ಲಿ ಹ್ಯಾಂಡಲ್ಲನ್ನು ಹಿಂದಕ್ಕೆ ಎಳೆದು ಹಿಡಿದರೆ ಮಾತ್ರ ಏಟು ತಡೆಯಬಹುದು. ನನಗೆ ತಡೆಯುವ ಮಾತೇ ಇಲ್ಲ. ಹೋದರೆ ಮುಂದಕ್ಕೇ ಹೋಗಬೇಕು, ಹೊಡೆಯಬೇಕು, ಇಲ್ಲವೇ ತಿನ್ನಬೇಕು. ನಾನು ದಿನಾ ತಿಂದೆ. ಅಕ್ಕನ ಡೊಳ್ಳಪ್ಪ ನನ್ನ ಜಡೆಯಮ್ಮನನ್ನು ರಾಗಿ ಬಡಿದ ಹಾಗೆ ಬಡಿದ.

ಒಂದು ಸಲವೂ ಗೆಲ್ಲಲಿಲ್ಲ ನಾನು. ಒಂದೇ ಒಂದು ಸಲವೂ ಇಲ್ಲ. ಸೋತಾಗಲೆಲ್ಲ ಹ್ಯಾಂಡಲ್ಲು ಸರಿ ಇಲ್ಲ ಎಂದು ಬಾಯಿ ಬಡಿದುಕೊಳ್ಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಕ್ಕ ನಗುತ್ತಿದ್ದಳು. ಅವ್ವನ ಹತ್ತಿರ ದೂರು ಒಯ್ದರೆ, ಸೋತರೆ ಸೋತೆ ಅನ್ನಬೇಕು, ಅದಕ್ಕೇಕೆ ಇಷ್ಟು ರಂಪ ಎಂದು ನನಗೇ ಮಂಗಳಾರತಿ. ಆಮೇಲೆ ಅಂಗಡಿ ಮುಚ್ಚಿತು, ಅಕ್ಕ ಮದುವೆಯಾಗಿ ಮಳವಳ್ಳಿಗೆ ಹೋದಳು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮಾತ್ರ ಆ ವಿಷಯ ಬಾರದೆ ಇರುತ್ತಿರಲಿಲ್ಲ. ನಾನು ಬಿ.ಎಡ್. ಮಾಡಿದೆ, ಸರ್ಕಾರಿ ಕೆಲಸ ಹಿಡಿದೆ. ಅಕ್ಕ ಒಬ್ಬಟ್ಟು ಬಡಿಸುತ್ತಾ, ಎಲ್ಲರೆದುರಿಗೂ, ಇವಳು ಏನೇ ಆಗಲಿ ನನ್ನನ್ನು ಸೋಲಿಸುವುದಕ್ಕೆ ಮಾತ್ರ ಆಗಲಿಲ್ಲ ಎನ್ನುತ್ತಿದ್ದಳು. ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ನನ್ನದು ಅದಕ್ಕಿಂತ ಉದ್ದದ್ದು. ಒಳ್ಳೆಯ ಹ್ಯಾಂಡಲ್ಲು ಹಿಡಿದು ಒಂದು ಸಲ ಅವಳನ್ನು ಸೋಲಿಸಬೇಕು, ಸೋತೆ ಎಂದು ಅವಳ ಬಾಯಲ್ಲೇ ಅನ್ನಿಸಬೇಕು. ಮಿಕ್ಸಿ ಅಂಗಡಿಯಲ್ಲಿ ನಿಂತಾಗ ನನ್ನ ತಲೆಯಲ್ಲಿದ್ದದ್ದು ಅದೊಂದೇ.

ಸ್ಕೂಲಿನಿಂದ ಬಂದವಳೇ ಅಭ್ಯಾಸಕ್ಕೆ ಕೂರುತ್ತಿದ್ದೆ. ಮೊದಲ ದಿನ ಏನೂ ತಿಳಿಯಲಿಲ್ಲ. ಪರದೆಯ ತುಂಬ ಬೆಳಕು, ಬಣ್ಣ, ಸಿಡಿಮದ್ದು. ನಮ್ಮ ಕಾಲದಲ್ಲಿ ಗುದ್ದಿದರೆ ಗುದ್ದು, ಒದ್ದರೆ ಒದೆ. ಈಗ ಗುದ್ದಿದರೆ ಬಣ್ಣದ ನೀರು ಚಿಮ್ಮುತ್ತದೆ. ಆದರೆ ಮೂರನೆಯ ದಿನವೋ ಏನೋ, ಜಡೆಯಮ್ಮ ಗಿರ್ರನೆ ತಿರುಗಿ ಒದೆಯುವ ಬುಗುರಿ ಒದೆ ನನ್ನ ಬೆರಳಿನಿಂದ ತಾನಾಗಿಯೇ ಬಂತು. ನಾನು ಯೋಚಿಸಿಯೇ ಇರಲಿಲ್ಲ! ಕೈಗೆ ನೆನಪಿತ್ತು. ಕೂತಲ್ಲೇ ಕಿರುಚಿಬಿಟ್ಟೆ. ಮಗಳು ಓಡಿ ಬಂದು, ಜಿರಳೆಯಾ ಎಂದು ಕೇಳಿದಳು. ಹೆಬ್ಬೆರಳಿನಲ್ಲಿ ಬೊಬ್ಬೆ ಬಂತು, ಮನೆಯಲ್ಲಿ ಚಟ್ನಿಯಿಲ್ಲದೆ ದೋಸೆ ತಿಂದರು. ನನಗೆ ಹಸಿವೇ ಇರಲಿಲ್ಲ.

ಒಂದು ಭಾನುವಾರ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ರೈಲು ಹತ್ತಿದೆ. ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು ಹಿಡಿಯುವುದೆಂದು. ಹನಕೆರೆಯಲ್ಲಿ ಸೊಪ್ಪಿನ ಗಂಟು ಹೊತ್ತುಕೊಂಡು ಹತ್ತಿದ ಒಬ್ಬ ಹೆಂಗಸು ನನ್ನ ಪಕ್ಕ ಕೂತು, ತೊಡೆಯ ಮೇಲಿನ ಬ್ಯಾಗಿನಲ್ಲಿ ಏನಿದೆಯೆಂದು ನೇರವಾಗಿ ಕೇಳಿದಳು. ಅಕ್ಕನ ಜೊತೆ ಹೊಡೆದಾಡುವ ಮಿಷಿನ್ನು ಎಂದೆ. ಅವಳು ನನ್ನ ಮುಖ ನೋಡಿದಳು.

"ಅದ್ಕೂ ಮಿಷಿನ್ ಬೇಕಾ? ನಾವು ಬರಿಗೈಲೇ ಮಾಡ್ತೀವಿ ಕಣಮ್ಮ" ಅಂದಳು.

ಮಳವಳ್ಳಿಯಲ್ಲಿ ಅಕ್ಕ, ಭಾವ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಾನು ಹೋದಾಗ ಗಿರಣಿ ಆಗಷ್ಟೇ ನಿಲ್ಲಿಸಿದ್ದರು. ಅಕ್ಕನ ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ಭಾವ ಉಂಡು ಒಳಗೆ ಮಲಗಿದ್ದರು. ನಾನು ಟೀವಿಗೆ ತಂತಿ ಸಿಕ್ಕಿಸುವುದನ್ನು ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ, ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂದು ವಿಚಾರಿಸಿದಳು. ಪರದೆಯ ಮೇಲೆ ಡೊಳ್ಳಪ್ಪ ಬಂದು ನಿಂತ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಎಡಗಡೆಗೆ ಕೂತಳು.

ಅವಳು ಇಷ್ಟು ವರ್ಷ ಆ ಆಟ ಮುಟ್ಟಿದವಳಲ್ಲ. ನಾನೋ ತಿಂಗಳು ಪೂರ್ತಿ ತಯಾರಿ ಮಾಡಿ ಬಂದವಳು. ನ್ಯಾಯವೇ? ಅಲ್ಲ. ನನಗೆ ನ್ಯಾಯ ಬೇಕಿರಲಿಲ್ಲ, ಗೆಲುವು ಬೇಕಿತ್ತು. ಅವಳ ಕೈಗೊಂದು ಕಂಟ್ರೋಲರು ಕೊಟ್ಟು, ಹೆಬ್ಬೆರಳಿನ ಕೆಳಗಿನ ಈ ಪುಟ್ಟ ಗುಬಟೇ ಹ್ಯಾಂಡಲ್ಲು, ಈ ಗುಂಡಿಗಳು ಗುದ್ದಲು, ಈ ಗುಂಡಿಗಳು ಒದೆಯಲು ಎಂದು ತೋರಿಸಿಕೊಟ್ಟೆ. ಒಂದೆರಡು ಸಲ ಸುಮ್ಮನೆ ಆಡಿ ಕೈ ಕುದುರಿಸಿಕೊಂಡಳು. ಆಮೇಲೆ ಶುರು ಮಾಡಿದೆವು.

ಸೋತೆ. ಮತ್ತೆ ಆಡಿದೆ, ಮತ್ತೆ ಸೋತೆ. ಮನೆಯಲ್ಲಿ ಕಂಪ್ಯೂಟರಿನ ಜಟ್ಟಿಗಳನ್ನು ಒದ್ದು ಒದ್ದು ಮಲಗಿಸಿದ್ದ ನನ್ನ ಜಡೆಯಮ್ಮನನ್ನು ಡೊಳ್ಳಪ್ಪ ಮೂಲೆಗೆ ತಳ್ಳಿ, ಬರೀ ಗುದ್ದಿ ಗುದ್ದಿ ಕೆಡವಿದ. ಅಕ್ಕನ ಆಟ ಮೊದಲಿನಿಂದಲೂ ಹಾಗೇ, ಬರೀ ಗುದ್ದು. ಹ್ಯಾಂಡಲ್ಲು ಚೆನ್ನಾಗಿಯೇ ಇದೆ, ಇನ್ನು ಯಾವ ನೆಲ ಡೊಂಕು ಅನ್ನಲಿ? ಆಗಲೇ ನನಗೆ ಹೊಳೆದದ್ದು, ಡೊಳ್ಳಪ್ಪ ಒಂದು ಸಲವೂ ಕಾಲೆತ್ತಿರಲಿಲ್ಲ. ಒದೆಯಲು ಬರುವುದಿಲ್ಲವೇ ಅಥವಾ ನನಗೆ ಗುದ್ದೇ ಸಾಕು ಎಂಬ ಕೊಬ್ಬೇ ಎಂದು ಸಿಟ್ಟಿನಲ್ಲಿ ಕೇಳಿದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಚಿಕ್ಕಪ್ಪನ್ ಅಂಗ್ಡೀಲಿ ನನ್ ಕಡೆ ಒದಿಯೋ ಗುಂಡಿಗಳು ಕೆಟ್ಟೋಗಿದ್ವಲ್ಲಮ್ಮಿ. ಕೆಳಗಿನ ಸಾಲು ಪೂರ್ತಿ. ಒತ್ತಿ ಒತ್ತಿ ಸಾಕಾಗಿ ಬುಟ್ಬುಟ್ಟೆ. ಈಗ್ಲೂ ಕೈ ಆ ಕಡಿಕ್ ಓಯ್ತಾ ಇಲ್ಲ."

ನಾನು ಕಂಟ್ರೋಲರನ್ನು ಕೆಳಗಿಟ್ಟೆ. ಎಡಗಡೆಯದು ಒಳ್ಳೆಯ ಜಾಗ ಎಂದು ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅಲ್ಲಿ ಅರ್ಧ ಗುಂಡಿಗಳೇ ಸತ್ತಿದ್ದವಂತೆ. ಕಾಲಿಲ್ಲದ ಡೊಳ್ಳಪ್ಪನನ್ನು ಕಟ್ಟಿಕೊಂಡು ಇವಳು ನನ್ನನ್ನು ದಿನಾ ಬಡಿದಿದ್ದಾಳೆ. ಯಾಕೆ ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ ಎಂದು ಕೇಳಿದೆ.

"ನೀನೊಬ್ಳು ಬಾಯ್ ಬಡ್ಕೊತಿದ್ದೆ. ಇಬ್ರೂ ಬಡ್ಕೊಂಡಿದ್ರೆ ಚಿಕ್ಕಪ್ಪ ಆಚಿಕ್ ಕಳ್ಸಿ ಷಟ್ರು ಎಳ್ಕೊತಿದ್ದ. ಆಟಾನೇ ಓಯ್ತಿತ್ತು" ಅಂದಳು.

ನನಗೆ ನಗು ಬಂತು. ಹಾಗಾದರೆ ನಾವಿಬ್ಬರೂ ಸರಿಯಾಗಿ ಒಂದು ಸಲವೂ ಆಡಿಯೇ ಇಲ್ಲ! ಯಾರು ಗಟ್ಟಿ ಎನ್ನುವುದು ಇನ್ನೂ ತೀರ್ಮಾನವೇ ಆಗಿಲ್ಲ. ನಾನು ಅಕ್ಕನ ಬೆರಳು ಹಿಡಿದು ಒದೆಯುವ ಗುಂಡಿಯ ಮೇಲೆ ಇಟ್ಟೆ. ಒತ್ತಿದಳು. ಡೊಳ್ಳಪ್ಪ ತನ್ನ ಕಂಬದಂಥ ಕಾಲನ್ನು ಎತ್ತಿ ಗಾಳಿಗೆ ಒದ್ದ. ಅಕ್ಕ ಅಯ್ಯೋ ಶಿವನೇ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು, ಹತ್ತು ಸಲ ಒದೆಸಿ ನೋಡಿದಳು. ಎದುರಾಳಿಗೆ ಕೈಯಾರೆ ಕತ್ತಿ ಕೊಟ್ಟ ದಡ್ಡಿ ನಾನು. ಮುಂದಿನ ಆಟದಲ್ಲಿ ಅದೇ ಕಾಲಿನಿಂದ ನನ್ನನ್ನು ಮೂಲೆಯಿಂದ ಮೂಲೆಗೆ ಒದ್ದಳು.

ಆದರೆ ಅವಳೂ ಒಂದು ಮಾತು ಬಿಟ್ಟುಕೊಟ್ಟಳು. ನೀನು ಕರುವಿನ ಹಾಗೆ ಬರೀ ಮುಂದಕ್ಕೇ ನುಗ್ಗುತ್ತೀಯ, ಹ್ಯಾಂಡಲ್ಲು ಸರಿಯಿದೆ ಅನ್ನುತ್ತೀಯಲ್ಲ, ಹಿಂದಕ್ಕೇಕೆ ಹೋಗುವುದಿಲ್ಲ ಎಂದು ಕೇಳಿದಳು. ನಾನು ಗುತ್ತಲಿನ ಮನೆಯಲ್ಲಿ ಒಂದು ತಿಂಗಳು ಆಡಿದ್ದೆ. ಹಿಂದಕ್ಕೆ ಎಳೆಯುವುದನ್ನು ಒಂದು ದಿನವೂ ಮಾಡಿರಲಿಲ್ಲ. ಬರುವುದಿಲ್ಲ ಎಂದೇ ನನ್ನ ಕೈ ನಂಬಿಕೊಂಡಿತ್ತು.

ಅಲ್ಲಿಂದ ಮೇಲೆ ನಡೆದದ್ದು ಆಟ ಅಂದರೆ ಆಟ. ನಾನು ಹಿಂದಕ್ಕೆ ಎಳೆದು ಹಿಡಿದೆ, ಡೊಳ್ಳಪ್ಪನ ಗುದ್ದು ಜಡೆಯಮ್ಮನ ಮುಂಗೈಗೆ ಬಡಿದು ಸತ್ತುಹೋಯಿತು. ಎಂಥ ಸುಖ ಅದು! ಏಟು ಬಿದ್ದೂ ಬೀಳದ ಹಾಗೆ. ಅಕ್ಕ ಒದೆಯುತ್ತಾಳೆ, ನಾನು ತಡೆಯುತ್ತೇನೆ. ನಾನು ಎಗರುತ್ತೇನೆ, ಅವಳು ಹಿಡಿದು ನೆಲಕ್ಕೆ ಒಗೆಯುತ್ತಾಳೆ. ಮೊದಲ ಸುತ್ತು ಅವಳದು, ಎರಡನೆಯದು ನನ್ನದು. ಇಬ್ಬರೂ ಚಾಪೆಯಿಂದ ಎದ್ದು ಮಂಡಿಯೂರಿ ನಿಂತಿದ್ದೆವು. ಕೊನೆಯ ಸುತ್ತಿನಲ್ಲಿ ಇಬ್ಬರ ಜೀವವೂ ಉಗುರಿನಷ್ಟು ಉಳಿದಿತ್ತು. ಡೊಳ್ಳಪ್ಪ ಆ ದೊಡ್ಡ ಕಾಲೆತ್ತಿದ. ನಾನು ಒಂದು ಹೆಜ್ಜೆ ಹಿಂದೆ ಹೋದೆ. ಕಾಲು ಖಾಲಿ ಗಾಳಿಯಲ್ಲಿ ಹಾದುಹೋಯಿತು. ಬುಗುರಿ ಒದೆ ಕೊಟ್ಟೆ. ಡೊಳ್ಳಪ್ಪ ಹೊಟ್ಟೆ ಮೇಲಾಗಿ ಬಿದ್ದ, ಏಳಲಿಲ್ಲ.

ಗೆದ್ದೆ! ನಾನು ಗೆದ್ದೆ! ಮೇಷ್ಟ್ರಗಿತ್ತಿ ಅನ್ನುವುದನ್ನೂ ಮರೆತು ಹಜಾರದ ತುಂಬ ಎಗರಾಡಿದೆ. ಒಳಗೆ ಮಲಗಿದ್ದ ಭಾವ ಎದ್ದು ಕೆಮ್ಮಿ ಮತ್ತೆ ಮಲಗಿದರು. ಹೇಳು, ಸೋತೆ ಅಂತ ಹೇಳು ಎಂದು ಅಕ್ಕನ ಭುಜ ಹಿಡಿದು ಅಲ್ಲಾಡಿಸಿದೆ. ಅಕ್ಕ ಕಂಟ್ರೋಲರನ್ನು ನೆಟ್ಟಗೆ ಚಾಪೆಯ ಮೇಲಿಟ್ಟಳು. ಮುದ್ದೆಗೆ ಎಸರಿಡಬೇಕು, ಮೊದಲು ಆ ಟೀವಿ ಆರಿಸು ಎಂದು ಎದ್ದು ಅಡುಗೆಮನೆಗೆ ಹೋದಳು. ಅಷ್ಟೇ. ಕಲ್ಲು ಹೆಂಗಸು. ಬೇಕಾದ್ದನ್ನು ಅವಳ ಬಾಯಿಂದ ಇನ್ನು ಬ್ರಹ್ಮನೂ ಹೊರಡಿಸಲಾರ ಎಂದುಕೊಂಡು ತಂತಿ ಸುತ್ತತೊಡಗಿದೆ.

ಆಮೇಲೆ ನೀರು ಕುಡಿಯಲೆಂದು ಅಡುಗೆಮನೆಯ ಬಾಗಿಲವರೆಗೆ ಹೋದೆ. ಅಕ್ಕ ನನಗೆ ಬೆನ್ನು ಮಾಡಿ, ಒಲೆಯ ಮುಂದೆ ನಿಂತು, ಮದ್ದೂರಿನಲ್ಲಿರುವ ಅವ್ವನ ಜೊತೆ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು.

"ಊ ಕಣವ್ವ, ಸೋತೆ. ಸುಮ್ಕೆ ಬುಟ್ಕೊಡ್ಲಿಲ್ಲ, ನಿಜವಾಗ್ಲೂ ಸೋತೆ. ಏನ್ ಚೆಂದಾಗ್ ಆಡ್ತಾಳೆ ಅಂತೀಯ ನಮ್ ಕೂಸು! ಅವ್ಳ್ ಮುಂದೆ ಮಾತ್ರ ಇದ್ನ ಏಳ್ಬ್ಯಾಡ, ಆಮ್ಯಾಕೆ ಆಡಕ್ ಬರೋದೇ ಬುಟ್ಬುಡ್ತಾಳೆ."