ಪಪ್ಪನ ಎಎಫ್‌ಪಿ ಮತ್ತು ಅಣ್ಣನ ರಜೆ

ಪಪ್ಪನ ಎಎಫ್‌ಪಿ ಇಳಿದ ರಿಪೋರ್ಟ್ ಬಂದ ದಿನ ಮಮ್ಮಿ ಪಾಯಸ ಮಾಡಿದರು. ಮರುದಿನ ಇಗರ್ಜಿಗೆ ಹೋಗಿ ಕೃತಜ್ಞತೆಯ ಪೂಜೆಗೆ ಹೆಸರು ಕೊಟ್ಟು ಬಂದರು.

ಎಎಫ್‌ಪಿ ಅಂದರೆ ರಕ್ತದಲ್ಲಿರುವ ಒಂದು ಪ್ರೋಟೀನ್. ಲಿವರ್ ಕ್ಯಾನ್ಸರ್ ಇರುವ ಎಷ್ಟೋ ಜನರಲ್ಲಿ ಅದು ಏರ್ತದೆ. ಪಪ್ಪನಿಗೂ ಏರಿತ್ತು.

ಕುಲಶೇಖರದ ನಮ್ಮ ಮನೆಯಲ್ಲಿ ಸಂಜೆ ಜಪಮಾಲೆ ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಬೇಡಿಕೆ ಹೇಳುವ ಕ್ರಮ ಉಂಟು. ಕಾಯಿಲೆ ಗೊತ್ತಾದಂದಿನಿಂದ ಮಮ್ಮಿಯದ್ದು ಒಂದೇ. "ದೇವರೇ, ಎಎಫ್‌ಪಿ ಇಳಿಸು."

"ಫುಲ್ ಫಾರ್ಮ್ ಹೇಳು ಮಾರಾಯ್ತಿ, ದೇವರಿಗೆ ಕನ್‌ಫ್ಯೂಸ್ ಆಗ್ತದೆ" ಅಂತ ಪಪ್ಪ ತಮಾಷೆ ಮಾಡುತ್ತಿದ್ದರು.

ಟ್ರೀಟ್‌ಮೆಂಟ್ ಆಯಿತು, ನಂಬರ್ ಇಳಿಯಿತು. ಫ್ಯಾಮಿಲಿ ಗ್ರೂಪಿನಲ್ಲಿ ಕೈಮುಗಿದ ಇಮೋಜಿಗಳ ಮಳೆ.

ಆದರೆ ಪಪ್ಪನ ಕಾಲು ಊದಿತ್ತು. ಗಂಜಿ ಅರ್ಧಕ್ಕೇ ಬಿಡುತ್ತಿದ್ದರು. ಹಗಲಿಡೀ ನಿದ್ದೆ...

ದೋಹಾದಲ್ಲಿರುವ ಅಣ್ಣ ರೋಶನ್‌ಗೆ ಈ ತಿಂಗಳೇ ರಜೆ ಸಿಕ್ಕಿತ್ತು. ವರ್ಷಕ್ಕೆ ಸಿಗುವುದೇ ಒಂದು ರಜೆ. ಗ್ರೂಪಿನಲ್ಲಿ ನಂಬರ್ ನೋಡಿ ಅವನೇ ಫೋನ್ ಮಾಡಿದ. "ಇಳೀತಲ್ಲ, ಹಾಗಾದ್ರೆ ಕ್ರಿಸ್ಮಸ್‌ಗೇ ಬರ್ತೇನೆ." ಮಮ್ಮಿಗೂ ಅದೇ ಸರಿ ಅನ್ನಿಸಿತು.

ನಾನು ಹತ್ತನೇ ಕ್ಲಾಸ್ ಅರ್ಧಕ್ಕೆ ಬಿಟ್ಟವ. ಒಂದು ಕೆಲಸದಲ್ಲೂ ನೆಟ್ಟಗೆ ನಿಂತವನಲ್ಲ. ಹಾಗಾಗಿ ಪಪ್ಪನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುವ ಡ್ಯೂಟಿ ನನ್ನದೇ.

ಮುಂದಿನ ಚೆಕಪ್ಪಿಗೆ ಹೋದಾಗ ಪಪ್ಪನನ್ನು ಹೊರಗೆ ಕೂರಿಸಿ, ನಾನೊಬ್ಬನೇ ಪುನಃ ಡಾಕ್ಟರ ರೂಮಿಗೆ ಹೋದೆ.

ಅವರು ತಾಳ್ಮೆಯಿಂದ ಹೇಳಿದರು. ಎಎಫ್‌ಪಿ ಇಳಿದದ್ದು ಒಳ್ಳೆಯದೇ, ಗಡ್ಡೆಗೆ ಪೆಟ್ಟು ಬಿದ್ದಿದೆ. ಆದರೆ ಆಲ್ಬುಮಿನ್ ಅಂತ ಇನ್ನೊಂದು ಪ್ರೋಟೀನ್ ಉಂಟು, ಅದನ್ನು ಲಿವರೇ ತಯಾರು ಮಾಡಬೇಕು. ಅದೂ ಇಳಿಯುತ್ತಾ ಬಂದಿದೆ. ಅಂದರೆ ಉಳಿದ ಲಿವರ್ ಸೋಲುತ್ತಿದೆ. ಮುಂದೇನು ಅಂತ ಹೇಳಬೇಕಾದರೆ ಎಲ್ಲವನ್ನೂ ಒಟ್ಟಿಗೆ ನೋಡಬೇಕು.

ಪಾಯಸ ಮಾಡಿದ ದಿನದ ಆ ರಿಪೋರ್ಟಿನಲ್ಲೇ ಎರಡೂ ಇತ್ತು. ನಾವು ಓದಿದ್ದು ಪ್ರಾರ್ಥನೆಯಲ್ಲಿ ಕೇಳಿದ್ದನ್ನು ಮಾತ್ರ.

"ಅಣ್ಣ ಕ್ರಿಸ್ಮಸ್‌ಗೆ ಬಂದ್ರೆ ಸಾಕಾ ಡಾಕ್ಟ್ರೇ?"

ಅವರು ಫೈಲ್ ಮುಚ್ಚಿದರು. "ದಿನ ಹೇಳ್ಲಿಕ್ಕೆ ಯಾರಿಗೂ ಆಗೋದಿಲ್ಲ. ನಾನಾಗಿದ್ರೆ ಈಗಲೇ ಬರ್ತಿದ್ದೆ."

ಮನೆಗೆ ಬರುವ ದಾರಿಯಲ್ಲಿ, ಪಂಪ್‌ವೆಲ್ ಸರ್ಕಲ್ಲಿನಲ್ಲಿ ಮಾತ್ರೆ ತರಲು ಇಳಿದಾಗ ರೋಶನ್‌ಗೆ ಫೋನ್ ಮಾಡಿದೆ. ಪಪ್ಪ ರಿಕ್ಷಾದಲ್ಲೇ ಕೂತಿದ್ದರು. ಬಸ್ಸುಗಳ ಹಾರ್ನ್, ಇದ್ದದ್ದನ್ನು ಕಿರುಚಿಯೇ ಹೇಳಬೇಕಾಯಿತು. ಅವನು ಮೊದಲು ಬೈದ. ಆಮೇಲೆ ಟಿಕೆಟ್ ನೋಡ್ತೇನೆ ಅಂದ.

ಟಿಕೆಟ್ ಆದ ಮೇಲೆ, ವಿಷಯ ಗೊತ್ತಾಗಿ ಮಮ್ಮಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಮೊನ್ನೆಯಷ್ಟೇ ಪೂಜೆ ಕೊಟ್ಟಿದ್ದೇವೆ, ನಿನಗೆ ಎಂತ ಅಷ್ಟು ಅರ್ಜೆಂಟ್? ಪಪ್ಪನ ಹತ್ರ ಕಂಪೆನಿಯವರು ರಜೆ ಬದಲಿಸಿದ್ರು ಅಂತ ಹೇಳು."

ನಾನು ಹೂಂ ಅನ್ನಲಿಲ್ಲ.

ಸಂಜೆ ಜಪಮಾಲೆ ಮುಗಿಯಿತು. ಮಮ್ಮಿ ಬೇಡಿಕೆ ಶುರು ಮಾಡುವ ಮೊದಲೇ ಪಪ್ಪ ಕೇಳಿದರು. "ಕ್ರಿಸ್ಮಸ್‌ಗೆ ಅಂದವ ಈಗ ಯಾಕೆ ಬರೋದು?"

ಗಲ್ಫಿನವರ ಮನೆಯಲ್ಲಿ ಮಗ ಹಬ್ಬ, ಮದುವೆ ಎಂತದ್ದೂ ಇಲ್ಲದೆ ದಿಢೀರಂತ ಬರುವುದೆಂದರೆ ಎಂತ ಅಂತ ಪಪ್ಪನಿಗೆ ಗೊತ್ತಿಲ್ಲವಾ? ಎಷ್ಟು ಮನೆಗಳಲ್ಲಿ ನೋಡಿಲ್ಲ ಅವರು...

ಮಮ್ಮಿ ಬಾಯಿ ತೆರೆದರು. ಪಪ್ಪ ಕೈ ಅಡ್ಡ ಹಿಡಿದರು. "ನೀನು ಬೇಡ. ಇವ ಹೇಳ್ಲಿ."

ಹೇಳಿದೆ. ಆಲ್ಬುಮಿನ್ ವಿಷಯ, ಡಾಕ್ಟರ್ ಹೇಳಿದ್ದು, ಎಲ್ಲ. ನನ್ನ ಸ್ವರ ನನಗೇ ಬೇರೆ ಯಾರದ್ದೋ ಹಾಗೆ ಕೇಳ್ತಾ ಇತ್ತು.

ಪಪ್ಪ ಊದಿದ ಕಾಲನ್ನು ಸ್ಟೂಲಿನ ಮೇಲೆ ಸರಿ ಮಾಡಿಕೊಂಡರು. "ಹಾಗಾದ್ರೆ ರೋಶನ್‌ಗೆ ಹೇಳು ಪುತಾ, ಬ್ಲಾಂಕೆಟ್ ಚಾಕ್ಲೇಟ್ ಅಂತೆಲ್ಲ ಹೊತ್ಕೊಂಡು ಬರೋದು ಬೇಡ. ಬೇಗ ಬಂದ್ರೆ ಸಾಕು."

ಅಣ್ಣ ನಾಳೆ ಬರ್ತಾನೆ. ಮಮ್ಮಿ ನನಗೆ ಊಟ ಬಡಿಸ್ತಾರೆ, ಮಾತಾಡೋದಿಲ್ಲ. ನಾನು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ, ಆದರೆ ತುಂಬ ಸುಸ್ತಾಗಿದೆ.

ನಿಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವವರು ಯಾರು?